ಎಚ್‌ಐವಿ ಪತ್ತೆಯಾದ ದಿನದಿಂದ ವೈರಸ್ ಹತೋಟಿಗೆ ಬರುವವರೆಗೆ: ನಡುವಿನ ದಿನಗಳನ್ನು ಕಳೆದುಕೊಳ್ಳದಿರುವುದು ಹೇಗೆ

ಎಚ್‌ಐವಿ ಸೋಂಕು ಇದೆಯೆಂದು ಗೊತ್ತಾದವರು ಮೊದಲು ಕೇಳುವುದು ಇದಕ್ಕೆ ಔಷಧಿ ಇದೆಯೇ ಎಂದು. ಇದೆ ಎಂಬ ಉತ್ತರ ಸಿಕ್ಕಿದ ಮೇಲೆ, ವೈರಸ್ ಹತೋಟಿಗೆ ಬರಲು ಎಷ್ಟು ದಿನ ಬೇಕು ಎಂದು ಕೇಳುತ್ತಾರೆ. ಭಾರತದ ಸರ್ಕಾರಿ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ ಚಿಕಿತ್ಸೆ) ಕೇಂದ್ರಗಳಲ್ಲಿ ಈಗ ಉಚಿತವಾಗಿ ಕೊಡುವ ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೆ, ಹೆಚ್ಚಿನವರ ರಕ್ತದಲ್ಲಿ ವೈರಸ್‌ನ ಪ್ರಮಾಣ ಒಂದರಿಂದ ಮೂರು ತಿಂಗಳಲ್ಲಿ ತೀರಾ ಕೆಳಮಟ್ಟಕ್ಕೆ ಇಳಿಯುತ್ತದೆ. ಮೊದಲೇ ಅದು ಬಹಳ ಹೆಚ್ಚಿದ್ದವರಿಗೆ ಆರು ತಿಂಗಳು ಹಿಡಿಯಬಹುದು. ಔಷಧಿ ಚುರುಕಾಗಿಯೇ ಕೆಲಸ ಮಾಡುತ್ತದೆ. ತಡವಾಗುವುದು ಬಹುಮಟ್ಟಿಗೆ ವರದಿ ಕೈಗೆ ಬಂದ ದಿನಕ್ಕೂ ಮೊದಲ ಮಾತ್ರೆ ನುಂಗುವ ದಿನಕ್ಕೂ ನಡುವೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಆ ನಡುವಿನ ದಿನಗಳಿಗೇ ಮೀಸಲಿಟ್ಟಿದ್ದೇನೆ.

ವೈರಸ್ ಇಳಿಯುವ ಬಗೆಯನ್ನು ಮೊದಲು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ವೈರಸ್‌ನ ಎಷ್ಟು ಪ್ರತಿಗಳಿವೆ ಎಂಬ ಲೆಕ್ಕವೇ ವೈರಲ್ ಲೋಡ್. ಚಿಕಿತ್ಸೆ ಶುರುವಾಗುವ ಮೊದಲು ಅದು ಲಕ್ಷ ದಾಟಿರುವುದು ಅಪರೂಪವಲ್ಲ. ಮಾತ್ರೆ ಹೊಸ ಜೀವಕೋಶಗಳಿಗೆ ಸೋಂಕು ತಗಲದಂತೆ ತಡೆಯುತ್ತದೆ. ರಕ್ತದಲ್ಲಿ ತೇಲುವ ವೈರಸ್ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದಲೂ, ಅದನ್ನು ಭರದಿಂದ ಉತ್ಪಾದಿಸುತ್ತಿದ್ದ ಜೀವಕೋಶಗಳು ಒಂದೆರಡು ದಿನಗಳಲ್ಲಿ ಸಾಯುವುದರಿಂದಲೂ ಮೊದಲ ಎರಡು ವಾರಗಳಲ್ಲೇ ವೈರಲ್ ಲೋಡ್ ಸುಮಾರು ನೂರನೇ ಒಂದು ಪಾಲಿಗೆ ಕುಸಿಯುತ್ತದೆ. ಅನಂತರದ ಇಳಿಕೆ ನಿಧಾನ, ಏಕೆಂದರೆ ಉಳಿದಿರುವ ಸೋಂಕಿತ ಜೀವಕೋಶಗಳು ಹೆಚ್ಚು ಕಾಲ ಬದುಕುವಂಥವು. ಔಷಧಿಯಿಂದ ಔಷಧಿಗೆ ಈ ವೇಗದಲ್ಲಿ ವ್ಯತ್ಯಾಸವೂ ಇದೆ. 2013ರಲ್ಲಿ ಪ್ರಕಟವಾದ ಸಿಂಗಲ್ ಎಂಬ ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ಇದ್ದ ಸಂಯೋಜನೆಯನ್ನು ತೆಗೆದುಕೊಂಡವರ ಪೈಕಿ ಅರ್ಧದಷ್ಟು ಜನರ ವೈರಲ್ ಲೋಡ್ 28 ದಿನಗಳಲ್ಲಿ 50ಕ್ಕಿಂತ ಕೆಳಗೆ ಬಂದರೆ, ಎಫಾವಿರೆಂಜ್ ಇದ್ದ ಹಳೆಯ ಸಂಯೋಜನೆಯವರಲ್ಲಿ ಅರ್ಧದಷ್ಟು ಜನ ಅದೇ ಮಟ್ಟವನ್ನು ಮುಟ್ಟಲು 84 ದಿನ ಬೇಕಾದವು. ಇಂದು ಎಆರ್‌ಟಿ ಕೇಂದ್ರದಲ್ಲಿ ಹೊಸಬರಾದ ವಯಸ್ಕರಿಗೆ ಸಾಮಾನ್ಯವಾಗಿ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದೇ ಬಾರಿ ನುಂಗುವ ಟಿಎಲ್‌ಡಿ ಮಾತ್ರೆ.

ವರದಿ ಬಂದ ದಿನವೇ ಹೆಜ್ಜೆ ಇಡಬೇಕು. ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಪರೀಕ್ಷೆಗಳ ಮೂಲಕ ಸೋಂಕು ದೃಢಪಟ್ಟ ಮೇಲೆ, ಅಲ್ಲಿನ ಆಪ್ತ ಸಮಾಲೋಚಕರಿಂದ ಎಆರ್‌ಟಿ ಕೇಂದ್ರಕ್ಕೆ ಚೀಟಿ ಬರೆಸಿಕೊಂಡು, ಸಾಧ್ಯವಾದರೆ ಅದೇ ದಿನ, ಇಲ್ಲವಾದರೆ ಮರುದಿನ ಅಲ್ಲಿಗೆ ಹೋಗಿ. ಖಾಸಗಿ ಲ್ಯಾಬಿನಲ್ಲಿ ಗೊತ್ತಾಗಿದ್ದರೆ ಆ ವರದಿಯನ್ನು ಹಿಡಿದು ಹತ್ತಿರದ ಸರ್ಕಾರಿ ಐಸಿಟಿಸಿಗೆ ಹೋಗಬಹುದು. ಯಾವ ಕೇಂದ್ರ ಎಲ್ಲಿದೆ ಎಂಬುದನ್ನು 1097 ಎಂಬ ಉಚಿತ ಸಹಾಯವಾಣಿ ತಿಳಿಸುತ್ತದೆ. ಸಿಡಿ4 ಎಣಿಕೆ (ಎಚ್‌ಐವಿ ನಾಶಮಾಡುವ ರೋಗನಿರೋಧಕ ಜೀವಕೋಶಗಳ ಲೆಕ್ಕ) ಇಂತಿಷ್ಟಕ್ಕೆ ಇಳಿದ ಮೇಲೆಯೇ ಚಿಕಿತ್ಸೆ ಎಂಬ ಹಳೆಯ ನಿಯಮ ಭಾರತದಲ್ಲಿ 2017ರಲ್ಲೇ ರದ್ದಾಗಿದೆ. ಸೋಂಕು ದೃಢಪಟ್ಟ ಏಳು ದಿನಗಳೊಳಗೆ, ವ್ಯಕ್ತಿ ಸಿದ್ಧರಿದ್ದರೆ ಅದೇ ದಿನ, ಮಾತ್ರೆ ಆರಂಭಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. "ಈಗ ಆರೋಗ್ಯವಾಗಿಯೇ ಇದ್ದೇನೆ, ಕಾಯಿಲೆ ಬಿದ್ದಾಗ ನೋಡೋಣ" ಎಂಬ ಮಾತು ಬಾಯಿಗೆ ಬಂದರೆ, ಆ ಮಾತಿಗೆ ಆಧಾರವಾಗಿದ್ದ ನಿಯಮವೇ ಈಗ ಇಲ್ಲ ಎಂಬುದನ್ನು ನೆನಪಿಡಿ.

ಹೆಚ್ಚಿನವರನ್ನು ಹಿಡಿದು ನಿಲ್ಲಿಸುವುದು ಅಂಜಿಕೆ. ಊರಿನವರು ಯಾರಾದರೂ ಆಸ್ಪತ್ರೆಯ ಆ ಕೊಠಡಿಯ ಮುಂದೆ ನೋಡಿಬಿಟ್ಟರೆ ಎಂಬ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆ ತಾಲ್ಲೂಕಿನ ಅಥವಾ ಪಕ್ಕದ ಜಿಲ್ಲೆಯ ಕೇಂದ್ರದಲ್ಲಿ ಹೆಸರು ನೋಂದಾಯಿಸಬಹುದೇ ಎಂದು ಸಮಾಲೋಚಕರನ್ನು ಕೇಳಿ. ಆದರೆ ಆರಂಭದಲ್ಲಿ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಬೇಕಾಗುವುದರಿಂದ, ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿಯ ನಷ್ಟವನ್ನು ಮುಂಚೆಯೇ ಲೆಕ್ಕ ಹಾಕಿ. ದೂರದ ಕೇಂದ್ರವನ್ನು ಆರಿಸಿಕೊಂಡು ಮೂರನೇ ತಿಂಗಳಿಗೆ ಹೋಗಲಾಗದೆ ಮಾತ್ರೆ ತಪ್ಪಿದರೆ ಮೊದಲಿನ ಶ್ರಮವೆಲ್ಲ ನೀರುಪಾಲಾಗುತ್ತದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕಾನೂನು ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಸೋಂಕಿನ ವಿಷಯವನ್ನು ಬಹಿರಂಗಪಡಿಸುವಂತಿಲ್ಲ.

ಕೇಂದ್ರದ ವೈದ್ಯರ ಮುಂದೆ ಯಾವುದನ್ನೂ ಮುಚ್ಚಿಡಬೇಡಿ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರುವುದು, ಈ ನಾಲ್ಕರಲ್ಲಿ ಯಾವುದಿದ್ದರೂ ಹೇಳಿ; ಕ್ಷಯವಿದ್ದರೆ ಮೊದಲು ಅದರ ಔಷಧಿ ಶುರುವಾಗಿ, ಸಾಮಾನ್ಯವಾಗಿ ಎರಡು ವಾರದೊಳಗೆ ಎಆರ್‌ಟಿ ಸೇರುತ್ತದೆ. ಬಿಡದ ತಲೆನೋವು, ಕತ್ತು ಬಿಗಿತ, ವಾಂತಿ ಇದ್ದರೆ ಮಿದುಳಿನ ಪೊರೆಯ ಸೋಂಕಿನ ಅನುಮಾನ ಬರುತ್ತದೆ. ಆಗ ಮಾತ್ರ ವೈದ್ಯರೇ ಎಆರ್‌ಟಿಯನ್ನು ಕೆಲವು ವಾರ ಮುಂದೂಡುತ್ತಾರೆ, ಮತ್ತು ಹಾಗೆ ಮುಂದೂಡುವುದು ಜೀವ ಉಳಿಸಲೆಂದೇ. ಇಂಥ ತೊಂದರೆಗಳಿಲ್ಲದವರು ಸಿಡಿ4 ವರದಿ ಬರಲಿ ಎಂದು ಕಾಯಬೇಕಾಗಿಲ್ಲ. ರಕ್ತ ಕೊಟ್ಟು ಮಾತ್ರೆ ಪಡೆದು ಮನೆಗೆ ಹೋಗಬಹುದೇ ಎಂದು ನೀವೇ ಬಾಯಿಬಿಟ್ಟು ಕೇಳಿ. ಮೂತ್ರಪಿಂಡದ ಕಾಯಿಲೆ ಅಥವಾ ಹೆಪಟೈಟಿಸ್ ಬಿ ಇದ್ದರೆ ಅದನ್ನೂ ತಿಳಿಸಿ. ಟಿಎಲ್‌ಡಿಯಲ್ಲಿರುವ ಎರಡು ಔಷಧಿಗಳು ಹೆಪಟೈಟಿಸ್ ಬಿ ವೈರಸ್‌ನ ಮೇಲೂ ಕೆಲಸ ಮಾಡುವುದರಿಂದ, ಮುಂದೆ ಯಾವತ್ತಾದರೂ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಯಕೃತ್ತು ಕೆರಳುವ ಅಪಾಯವಿದೆ.

ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಮಾತ್ರೆಯನ್ನು ದಿನವೂ ನುಂಗುತ್ತಿದ್ದರೂ ವೈರಸ್ ಇಳಿಯದ ಕೆಲವರಲ್ಲಿ ಕಾರಣ ಇಲ್ಲೇ ಅಡಗಿರುತ್ತದೆ. ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್‌ನಲ್ಲಿರುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಟಿಎಲ್‌ಡಿಯನ್ನು ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಅನಂತರ ನುಂಗಬೇಕು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಖಾಲಿ ಹೊಟ್ಟೆಯಲ್ಲಿ ಇದೇ ನಿಯಮ, ಊಟದ ಜೊತೆಗಾದರೆ ಮಾತ್ರ ಒಟ್ಟಿಗೆ ನುಂಗಬಹುದು. ಗರ್ಭಿಣಿಯರಿಗೆ ಇವೆರಡನ್ನೂ ಕೊಡುವುದರಿಂದ ಅವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಅನ್ನು ಹನ್ನೆರಡು ಗಂಟೆಗೊಮ್ಮೆ, ಅಂದರೆ ದಿನಕ್ಕೆ ಎರಡು ಬಾರಿ ಕೊಡುತ್ತಾರೆ. ಎರಡನೆಯ ಮಾತ್ರೆ ಕೈಗೆ ಬಂದಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಮೂರ್ಛೆರೋಗದ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಕೂಡ ಈ ಔಷಧಿಯ ಬಲ ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನ ವಿಷಯ ಬೇರೆ: ಡೊಲುಟೆಗ್ರಾವಿರ್ ಜೊತೆ ಅದರ ಪ್ರಮಾಣವೇ ರಕ್ತದಲ್ಲಿ ಹೆಚ್ಚುವುದರಿಂದ ವೈದ್ಯರು ಅದನ್ನು ದಿನಕ್ಕೆ 1000 ಮಿಲಿಗ್ರಾಂಗೆ ಮಿತಿಗೊಳಿಸುತ್ತಾರೆ. ಎಚ್‌ಐವಿಯನ್ನು ಬೇರುಸಹಿತ ಗುಣಪಡಿಸುವ ನಾಟಿ ಔಷಧಿ ಇದೆಯೆಂದು ಹೇಳುವವರ ಬಳಿ ಹೋಗಬೇಡಿ. ಅಂಥ ಔಷಧಿ ಇಲ್ಲ, ಅಲ್ಲಿ ಕಳೆದ ತಿಂಗಳುಗಳು ಮರಳಿ ಬರುವುದೂ ಇಲ್ಲ.

ಮಾತ್ರೆ ನುಂಗಲು ದಿನದಲ್ಲಿ ನೀವು ಎಂದೂ ಬಿಡದ ಒಂದು ಕೆಲಸದ ಹೊತ್ತನ್ನು ಆರಿಸಿಕೊಳ್ಳಿ, ಹಲ್ಲುಜ್ಜುವುದೋ ರಾತ್ರಿಯ ಊಟವೋ ಏನಾದರೂ ಆಗಬಹುದು. ಹೊಟ್ಟೆ ತುಂಬಿರಲೇಬೇಕೆಂದಿಲ್ಲ, ಆದ್ದರಿಂದ ಏಕಾದಶಿಯ ಉಪವಾಸದಂದೂ ನೀರಿನೊಂದಿಗೆ ನುಂಗಬಹುದು. ರಂಜಾನ್ ತಿಂಗಳಲ್ಲಿ ಸಂಜೆ ಉಪವಾಸ ಬಿಟ್ಟ ಮೇಲಿನ ಹೊತ್ತಿಗೆ ಬದಲಾಯಿಸಿಕೊಳ್ಳಬಹುದು. ಮದುವೆ, ಜಾತ್ರೆಗೆ ಹೊರಟಾಗ ಎರಡು ದಿನದ ಹೆಚ್ಚುವರಿ ಮಾತ್ರೆ ಜೊತೆಗಿರಲಿ. ಮರೆತರೆ ನೆನಪಾದ ಕೂಡಲೇ ನುಂಗಿ, ಆದರೆ ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ. ಮದ್ಯ ಕುಡಿದ ರಾತ್ರಿ ಮಾತ್ರೆ ನುಂಗಬಾರದೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಕುಡಿತ ಬಿಡುವುದು ಒಳ್ಳೆಯದು, ಆದರೆ ಕುಡಿದರೂ ಮಾತ್ರೆ ಬಿಡಬಾರದು. ಮೊದಲ ವಾರಗಳಲ್ಲಿ ವಾಕರಿಕೆ, ತಲೆನೋವು, ನಿದ್ದೆಗೇಡು ಬರಬಹುದು. ನಿದ್ದೆ ಕೆಡುತ್ತಿದ್ದರೆ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ತರಬಹುದೇ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆ ಶುರುವಾದ ಕೆಲವು ವಾರಗಳ ಮೇಲೆ ಹೊಸದಾಗಿ ಜ್ವರ ಬಂದರೆ ಅಥವಾ ಕುತ್ತಿಗೆಯ ಗಂಟು ಊದಿಕೊಂಡರೆ, ಮಾತ್ರೆ ಒಗ್ಗಲಿಲ್ಲವೆಂದು ನೀವೇ ನಿಲ್ಲಿಸದೆ ಕೂಡಲೇ ಕೇಂದ್ರಕ್ಕೆ ಹೋಗಿ; ಚೇತರಿಸಿಕೊಂಡ ರೋಗನಿರೋಧಕ ಶಕ್ತಿ ಒಳಗೆ ಅಡಗಿದ್ದ ಕ್ಷಯದಂಥ ಸೋಂಕಿನ ಮೇಲೆ ಎರಗುತ್ತಿರುವ ಲಕ್ಷಣ ಅದಾಗಿರಬಹುದು.

ಮೊದಲ ವೈರಲ್ ಲೋಡ್ ಪರೀಕ್ಷೆ ಸಾಮಾನ್ಯವಾಗಿ ಆರನೇ ತಿಂಗಳಿಗೆ, ಎರಡನೆಯದು ಹನ್ನೆರಡನೇ ತಿಂಗಳಿಗೆ ನಡೆಯುತ್ತದೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟು, ನೆನಪಿಸದಿದ್ದರೆ ನೀವೇ ಕೇಳಿ. ಅಲ್ಲಿಯವರೆಗೆ ಸಂಗಾತಿಯೊಂದಿಗೆ ಕಾಂಡೋಮ್ ಬಳಕೆ ತಪ್ಪಬಾರದು. ವರದಿಯಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್ ಎಂದಿದ್ದರೆ ಪರೀಕ್ಷೆಗೆ ಸಿಗುವಷ್ಟು ವೈರಸ್ ರಕ್ತದಲ್ಲಿ ಇಲ್ಲವೆಂದು ಅರ್ಥ. ಈ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಪಾರ್ಟ್‌ನರ್ ಮುಂತಾದ ದೊಡ್ಡ ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ಗರ್ಭಿಣಿಯರು ಮಾತ್ರ ಆರು ತಿಂಗಳೆಂದು ಕಾಯುವಂತಿಲ್ಲ, ಏಕೆಂದರೆ ಹೆರಿಗೆಯ ಹೊತ್ತಿಗೆ ವೈರಸ್ ತಗ್ಗಿರಬೇಕು. ಹೆರಿಗೆಗೆ ಮುಂಚಿನ ವಾರಗಳಲ್ಲಿ ಪರೀಕ್ಷೆ ಮಾಡಿಸಬೇಕೆಂದು ಅವರು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿಡಲಿ.

ಆರನೇ ತಿಂಗಳ ವರದಿಯಲ್ಲಿ ಸಂಖ್ಯೆ 1000ಕ್ಕಿಂತ ಮೇಲಿದ್ದರೆ ಔಷಧಿ ಸೋತಿತೆಂದು ಆ ಕ್ಷಣವೇ ತೀರ್ಮಾನಿಸಬೇಕಾಗಿಲ್ಲ. ಎಷ್ಟು ಮಾತ್ರೆ ತಪ್ಪಿದವು, ಯಾಕೆ ತಪ್ಪಿದವು, ಜೊತೆಗೆ ಬೇರೇನು ನುಂಗುತ್ತಿದ್ದಿರಿ ಎಂಬುದನ್ನು ಸಮಾಲೋಚಕರಿಗೆ ಇದ್ದದ್ದು ಇದ್ದಂತೆ ಹೇಳಿ. ಅದನ್ನು ಸರಿಪಡಿಸಿಕೊಂಡು ಮೂರು ತಿಂಗಳು ತಪ್ಪದೆ ನುಂಗಿದ ಮೇಲೆ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ. ಔಷಧಿ ಬದಲಾಯಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ಆ ಎರಡನೇ ವರದಿಯನ್ನು ನೋಡಿ ನಿರ್ಧರಿಸುತ್ತಾರೆ.