ಸಮಾಜದ ಸಂಘವನ್ನು ಟ್ರಸ್ಟ್ ಮಾಡಿದ ನನ್ನ ಅನುಭವ

ಉಡುಪಿಯ ನಮ್ಮ ಸಮಾಜದ ಸಂಘಕ್ಕೆ ನಾನು ಕಾರ್ಯದರ್ಶಿ. "ಸಂಘವನ್ನು ಟ್ರಸ್ಟ್ ಮಾಡಲು ಆಗುವುದೇ ಇಲ್ಲ" ಎಂದು ಹೇಳದವರಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಒಂದು ಅರ್ಜಿ ಕೊಟ್ಟು ಟ್ರಸ್ಟ್ ಆಗುವ ದಾರಿ ಇಲ್ಲ, ನಿಜ. ಆದರೆ ಹೊಸ ಟ್ರಸ್ಟ್ ಕಟ್ಟಿ, ಆಸ್ತಿಯನ್ನು ಅದಕ್ಕೆ ಕೊಟ್ಟು, ಸಂಘ ವಿಸರ್ಜಿಸಬಹುದು. ನಾವು ಮಾಡಿದ್ದು ಅದನ್ನೇ. ಈಗ ಟ್ರಸ್ಟ್ 80ಜಿ ರಸೀದಿ, ಅಂದರೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವ ರಸೀದಿ, ಕೊಡುತ್ತಿದೆ.

ಸಂಘಕ್ಕೆ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಇತ್ತು, 80ಜಿ ಸಿಗಲಿಲ್ಲ. ಬೈಲಾದಲ್ಲಿ 'ಸಮಾಜ ಬಾಂಧವರ ಏಳಿಗೆ' ಎಂದಿದ್ದದ್ದೇ ಕಾರಣ, ಒಂದೇ ಜಾತಿಯವರಿಗಾಗಿ ಇರುವ ಸಂಸ್ಥೆಗೆ 80ಜಿ ಇಲ್ಲ. ಮುಂಬಯಿಯ ದಾನಿಗಳು ಮೊದಲು ಕೇಳುವುದೇ ರಸೀದಿ. ಬೈಲಾ ತಿದ್ದಿ ನೋಡಿದೆವು. ವಿದ್ಯಾರ್ಥಿವೇತನ ಎಲ್ಲರಿಗೂ ಎಂದು ಸೇರಿಸಿದೆವು. ಸದಸ್ಯತ್ವ ಸಮಾಜದವರಿಗೆ ಮಾತ್ರ ಎಂಬುದನ್ನು ಬಿಡಲು ಹಿರಿಯರು ಒಪ್ಪಲಿಲ್ಲ. ಫೀಸು, ಓಡಾಟ ಎಂದು ಸುಮಾರು 40 ಸಾವಿರ ಸುಮ್ನೆ ಹೋಯಿತು.

ಎಲ್ಲ ಇರುವುದು ಯಾವುದು ಮೊದಲು ಎಂಬುದರಲ್ಲಿ. ಮೊದಲು ಟ್ರಸ್ಟ್ ಡೀಡ್, ಪಾನ್, ಆಮೇಲೆ ತೆರಿಗೆ ಇಲಾಖೆಯ ನೋಂದಣಿಗೆ ಅರ್ಜಿಯಾದ ಫಾರ್ಮ್ 10ಎ. ತಾತ್ಕಾಲಿಕ 12ಎಬಿ (12ಎಯ ಈಗಿನ ರೂಪ) ನೋಂದಣಿ 3 ವರ್ಷಕ್ಕೆ ಸಿಗುತ್ತದೆ. ಅದು ಕೈಗೆ ಬಂದ ಮೇಲೆಯೇ ವಿಸರ್ಜನೆಯ ಮಾತು. ನೋಂದಣಿಯಿಲ್ಲದ ಟ್ರಸ್ಟ್‌ಗೆ ಆಸ್ತಿ ಹೋದರೆ ತೆರಿಗೆ ಕಾಯ್ದೆಯ ಸೆಕ್ಷನ್ 115ಟಿಡಿ ಹಿಡಿಯುತ್ತದೆ. ಸಾಲ ಕಳೆದು ಉಳಿದ ಆಸ್ತಿಯ ಮಾರುಕಟ್ಟೆ ಬೆಲೆಗೆ ಗರಿಷ್ಠ ದರದ ತೆರಿಗೆ! ವಿಸರ್ಜನೆಯಾದ ತಿಂಗಳ ಕೊನೆಯಿಂದ 12 ತಿಂಗಳೊಳಗೆ ಆಸ್ತಿ ದಾಟಿಸಿ ಮುಗಿಸಬೇಕು. ನಾವು ಮಾಡಿದ್ದು 1961ರ ಆದಾಯ ತೆರಿಗೆ ಕಾಯ್ದೆಯಡಿ, ಇಲ್ಲಿನ ಸೆಕ್ಷನ್, ಫಾರ್ಮ್ ನಂಬರುಗಳೂ ಅದರವೇ.

ಜಾಸ್ತಿ ಸತಾಯಿಸಿದ್ದು ಸಭಾಭವನ. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದಾನಪತ್ರ ಮುಂದೆ ಹೋಗುವುದಿಲ್ಲ. ನಮ್ಮ ಖಾತಾ ನೋಡಿದರೆ, ತೀರಿಹೋದ ಹಳೆಯ ಅಧ್ಯಕ್ಷರ ಸ್ವಂತ ಹೆಸರಿನಲ್ಲಿತ್ತು! ಅವರ ಮಕ್ಕಳಲ್ಲಿ ಒಬ್ಬರು ದುಬೈ, ಒಬ್ಬರು ಪುಣೆ. ಪುಣ್ಯಕ್ಕೆ ಜಾಗದ ಮೂಲ ಕ್ರಯಪತ್ರ ಸಂಘದ ಹೆಸರಿಗೇ ಇತ್ತು. ಮಕ್ಕಳೂ ಒಳ್ಳೆಯವರು, ಕೇಳಿದ ಕೂಡಲೇ ಒಪ್ಪಿಗೆ ಬರೆದುಕೊಟ್ಟರು. ಮಾರ್ಗಸೂಚಿ ಬೆಲೆ 60 ಲಕ್ಷದ ಆಸುಪಾಸು. 5 ಪರ್ಸೆಂಟ್ ಡ್ಯೂಟಿ, ಸೆಸ್, ನೋಂದಣಿ ಎಲ್ಲ ಸೇರಿ 4 ಲಕ್ಷದಷ್ಟಾಯಿತು. ಆಗ ನೋಂದಣಿ ಶುಲ್ಕ 1 ಪರ್ಸೆಂಟ್ ಇತ್ತು. 2025ರ ಆಗಸ್ಟ್ ಕೊನೆಯಿಂದ ಅದು 2 ಆಗಿದೆ. ಠೇವಣಿಗಳನ್ನು ಅವಧಿಗೆ ಮೊದಲು ಮುರಿಯಲಿಲ್ಲ. ಒಂದೊಂದೇ ಮಾಗಿದ ಹಾಗೆ ದಾಟಿಸಿದೆವು, ಬಡ್ಡಿ ಉಳಿಯಿತು.

ಇದಕ್ಕೆಲ್ಲ ಸದಸ್ಯರ ಒಪ್ಪಿಗೆ ಬೇಕಲ್ಲ, ಮಹಾಸಭೆಗೆ ಕೋರಂ (ಬೇಕಾದಷ್ಟು ಹಾಜರಾತಿ) ಸೇರಿಸುವುದು ಇನ್ನೊಂದು ಕೆಲಸ. ಅರ್ಧ ಸದಸ್ಯರು ಮುಂಬಯಿಯಲ್ಲಿ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಬರುತ್ತಾರೆ, ಸತ್ಯನಾರಾಯಣ ಪೂಜೆಯ ದಿನವೇ ಸಭೆ ಇಟ್ಟೆ. ಊಟದ ಮೊದಲೇ ಸಭೆ, ಇದನ್ನು ಮರೆಯಬೇಡಿ. "ಪೂಜೆ ನಿಲ್ಲಿಸ್ತೀರಾ ಮಾರಾಯ್ರೇ?" ಎಂದು ಒಬ್ಬ ಹಿರಿಯರು ಎದ್ದು ನಿಂತರು. 80ಜಿ ಇದ್ದರೂ ವರ್ಷದ ಆದಾಯದ 5 ಪರ್ಸೆಂಟ್‌ವರೆಗೆ ಧಾರ್ಮಿಕ ಖರ್ಚು ಮಾಡಬಹುದು, ನಮ್ಮ ಪೂಜೆಗೆ ಅದರ ಅರ್ಧವೂ ಬೇಡ ಎಂದು ಲೆಕ್ಕ ಓದಿದೆ. ಕೂತರು. ಅಲ್ಲಿ ಮಂಡಿಸಿದ ಠರಾವಿನ ಒಕ್ಕಣೆಗೆ ನಾನು ತುಂಬ ತಲೆ ಖರ್ಚು ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈ ನಡುವೆ ಒಂದು ಪ್ರಯೋಗವೂ ಆಯಿತು. ಟ್ರಸ್ಟ್ ಹೆಸರಿನಲ್ಲಿ ಹತ್ತಿರದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ನೋಟ್‌ಪುಸ್ತಕ ಹಂಚಿದೆವು, 30 ಸಾವಿರ ಆಗಿರಬಹುದು. ಆ ಬಿಲ್ಲು, ಪಟ್ಟಿ ಮುಂದೆ ತಾತ್ಕಾಲಿಕ ನೋಂದಣಿಯನ್ನು ಪೂರ್ಣ ನೋಂದಣಿ ಮಾಡಿಸಲು ಫಾರ್ಮ್ 10ಎಬಿ ಹಾಕುವಾಗ ಚಟುವಟಿಕೆಯ ಪುರಾವೆಯಾಗಿ ಚೆನ್ನಾಗಿ ಕೆಲಸಕ್ಕೆ ಬಂದವು.

ಹಳೆಯ ಪಾನ್, ಹಳೆಯ ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಸಂಘದ ಕೊನೆಯ ರಿಟರ್ನ್ ಹಾಕಿ, ಟಿಡಿಎಸ್ ರಿಫಂಡ್ ಬರುವವರೆಗೆ ಎರಡೂ ಬೇಕು.