ಎಕ್ಸ್-ಅಕ್ಷವನ್ನು ನಾನು ಪಾಠ ಮಾಡುವ ಬಗೆ

ಮಂಡ್ಯ ಸಮೀಪದ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುವ ನನಗೆ, ನಿರ್ದೇಶಾಂಕ ರೇಖಾಗಣಿತದ ಮೊದಲ ವಾರದಲ್ಲೇ ಮಕ್ಕಳ ಮನಸ್ಸಿಗೆ ನಾಟಬೇಕೆನಿಸುವ ಸಂಗತಿಯೆಂದರೆ, ಗ್ರಾಫ್ ಹಾಳೆಯ ಅಡ್ಡಗೆರೆಯಾದ ಎಕ್ಸ್-ಅಕ್ಷದ ಸಮೀಕರಣ ವೈ = 0 ಎಂಬುದು. ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಚೊಕ್ಕವಾಗಿ ಗುರುತಿಸುವ ಮಕ್ಕಳೇ ಆ ಅಡ್ಡಗೆರೆಯ ಸಮೀಕರಣ ಎಕ್ಸ್ = 0 ಎನ್ನುತ್ತಾರೆ; (3, 4) ಬಿಂದು ಎಕ್ಸ್-ಅಕ್ಷದಿಂದ ಎಷ್ಟು ದೂರವೆಂದರೆ ಮೂರು ಎನ್ನುತ್ತಾರೆ. ಅಕ್ಷದ ಹೆಸರಿನಲ್ಲಿರುವ ಅಕ್ಷರವೇ ಉತ್ತರದಲ್ಲೂ ಇರಬೇಕೆಂದು ಅವರಿಗೆ ತೋರುವುದು ಸಹಜ.

ಆದ್ದರಿಂದ ನಾನು ಕನ್ನಂಬಾಡಿ ಕಟ್ಟೆಯಿಂದ ಆರಂಭಿಸುತ್ತೇನೆ. ಅದರ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮ್ಮ ಜಿಲ್ಲೆಯ ಮಕ್ಕಳಿಗೆ ಕೇಳಿ ಗೊತ್ತಿರುವ ಅಂಕಿ. ಕಟ್ಟೆಯ ಯಾವ ತುದಿಯಲ್ಲಿ ನಿಂತು ನೋಡಿದರೂ ಆ ಅಂಕಿ ಬದಲಾಗದು, ಏಕೆಂದರೆ ಅಳತೆ ನಡೆಯುವುದು ಸೊನ್ನೆಯ ಮಟ್ಟದಿಂದ ನೇರವಾಗಿ ಮೇಲಕ್ಕೆ. ನಮ್ಮ ಹಾಳೆಯಲ್ಲಿ ಆ ಸೊನ್ನೆಯ ಮಟ್ಟವೇ ಎಕ್ಸ್-ಅಕ್ಷ; ಅದರಿಂದ ಮೇಲಕ್ಕೆ ಅಳೆಯುವ ಎತ್ತರವೇ ಬಿಂದುವಿನ ಎರಡನೆಯ ಸಂಖ್ಯೆಯಾದ ವೈ.

ಅನಂತರ ಹಲಗೆಯ ಮೇಲೆ (−5, 0), (0, 0), (2, 0), (7, 0) ಎಂದು ಒಂದರ ಕೆಳಗೊಂದು ಬರೆದು, ಬದಲಾಗದೆ ಉಳಿದಿರುವುದೇನೆಂದು ಕೇಳಿ ಸುಮ್ಮನೆ ಕಾಯುತ್ತೇನೆ; ವೈ = 0 ಎಂಬ ಮಾತು ಮಕ್ಕಳ ಬಾಯಿಂದಲೇ ಬರಬೇಕು. ಬಳಿಕ (3, 4)ರಿಂದ ಲಂಬ ಇಳಿಸಿ, ಅದು (3, 0)ಯನ್ನು ಮುಟ್ಟುವವರೆಗಿನ ಚೌಕಗಳನ್ನು ಅವರಿಂದಲೇ ಎಣಿಸುತ್ತೇನೆ. (3, −4)ರಿಂದ ಎಣಿಸಿದರೂ ನಾಲ್ಕೇ, ದೂರಕ್ಕೆ ಋಣ ಚಿಹ್ನೆಯಿಲ್ಲ. 1637ರಲ್ಲಿ ಪ್ರಕಟವಾದ ಫ್ರೆಂಚ್ ಗಣಿತಜ್ಞ ಡೆಕಾರ್ಟ್‌ನ ರೇಖಾಗಣಿತ ಗ್ರಂಥದಲ್ಲಿಯೂ ಇಂದಿನಂತೆ ಎರಡು ಅಕ್ಷಗಳ ಚೌಕಟ್ಟಿಲ್ಲ, ಒಂದು ಆಧಾರ ರೇಖೆಯಿಂದಲೇ ಅಳತೆ ಸಾಗುತ್ತದೆ ಎಂದು ತಿಳಿಸಿದಾಗ ಮಕ್ಕಳು ಆಸಕ್ತಿಯಿಂದ ಕೇಳುತ್ತಾರೆ.

ಇದರ ಫಲ ಕಾಣುವುದು ಹತ್ತನೇ ತರಗತಿಯಲ್ಲಿ. (2, −3) ಮತ್ತು (5, 6) ಬಿಂದುಗಳನ್ನು ಸೇರಿಸುವ ರೇಖಾಖಂಡವನ್ನು ಎಕ್ಸ್-ಅಕ್ಷ ಯಾವ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬ ಲೆಕ್ಕಕ್ಕೆ ವೈ = 0 ಎಂದು ಆದೇಶಿಸಿದರೆ 1:2 ಎಂಬ ಅನುಪಾತವೂ, ಅದರಿಂದ (3, 0) ಎಂಬ ಛೇದನ ಬಿಂದುವೂ ದೊರೆಯುತ್ತವೆ. ಅಕ್ಷದಿಂದ ಆ ಎರಡು ಬಿಂದುಗಳಿಗಿರುವ ದೂರ 3 ಮತ್ತು 6, ಅದೇ 1:2. ಸೂತ್ರ ಬಳಸುವ ಮೊದಲೇ ಇದನ್ನು ಬಾಯಲ್ಲಿ ಹೇಳಿಸುವುದು ನನಗೆ ಹೆಚ್ಚು ಇಷ್ಟ. ಆಮೇಲೆ −3ರ ಜಾಗದಲ್ಲಿ 3 ಇಟ್ಟು ಬಿಡಿಸಲು ಹೇಳುತ್ತೇನೆ. ಆಗ ಅನುಪಾತ ಋಣವಾಗಿ ಬರುತ್ತದೆ. ಎರಡೂ ಬಿಂದುಗಳು ಅಕ್ಷದ ಮೇಲ್ಭಾಗದಲ್ಲಿರುವುದರಿಂದ ರೇಖಾಖಂಡ ಅಕ್ಷವನ್ನು ಸೇರುವುದೇ ಇಲ್ಲ, ಅದನ್ನು ಎಡಕ್ಕೆ ವಿಸ್ತರಿಸಿದರೆ ಮಾತ್ರ (−1, 0)ರಲ್ಲಿ ಸೇರುತ್ತದೆ.