ಆಲೆಮನೆ ಒಲೆಯೊಳಗೆ ಸಾವಿರ ಡಿಗ್ರಿ: ರಚ್ಚು ಒಂದರಲ್ಲೇ

ಬರೀ ರಚ್ಚಿಗೆ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಅಷ್ಟು ಕಾವು ಬರಲ್ಲ, ಸೌದೆ ಬೇಕೇ ಬೇಕು ಅಂತ ಮಂಡ್ಯ ಕಡೆಯ ಆಲೆಮನೆಯವರು ತಲೆಯಾಡಿಸಿದ್ದರು. ನಮ್ಮ ಕೊಪ್ಪರಿಗೆ ತಳದಲ್ಲಿ ಈಗ 950ರಿಂದ 1,000 ಡಿಗ್ರಿ ನಿಲ್ಲುತ್ತದೆ. ಸೌದೆ, ಟೈರು ಎರಡೂ ಬಂದ್. ಬೇಕಾದವರು ಬಂದು ಮೀಟರ್ ನೋಡಲಿ.

ಕಾವು ಅಳೆದು ಮೀಟರಿಗೆ ಕೊಡುವ ಕಡ್ಡಿ, ಅಂದರೆ ಸ್ಟೀಲ್ ಕವಚದ ಕೆ-ಟೈಪ್ ಥರ್ಮೋಕಪಲ್‌ಗೆ ಸುಮಾರು 1,500 ರೂಪಾಯಿ ದಂಡ. ಕೆಲವೇ ಪಾಕಕ್ಕೆ ಹಕ್ಕಳೆಯೆದ್ದು ಉದುರಿತು. ಸೆರಾಮಿಕ್ ಕವಚದ್ದು ದುಪ್ಪಟ್ಟು ಬೆಲೆ, ಆದರೆ ಬಾಳುತ್ತದೆ. ತಣ್ಣನೆಯದನ್ನು ಒಮ್ಮೆಲೇ ಉರಿಗೆ ತೂರಿದರೆ ಮಾತ್ರ ಸೀಳುತ್ತದೆ. ಮೀಟರ್ ನಂಬದವರಿಗೆ ಪುಕ್ಕಟೆ ಸಾಕ್ಷಿಯಿದೆ: ಅಲ್ಯೂಮಿನಿಯಂ 660ಕ್ಕೆ, ಅಡುಗೆ ಉಪ್ಪು 801ಕ್ಕೆ, ತಾಮ್ರ 1,085ಕ್ಕೆ ಕರಗುತ್ತವೆ. ಹಣತೆಯಲ್ಲಿಟ್ಟು ಒಳಗೆ ತಳ್ಳಿ. ಉಪ್ಪು ನೀರಾಗಿ ತಾಮ್ರ ಉಳಿದರೆ ಒಲೆ ಸರಿಯಿದೆ. ಥರ್ಮೋಕಪಲ್ ಪಕ್ಕ ಉಪ್ಪು ಬೇಡ, ಆವಿ ಕವಚ ತಿನ್ನುತ್ತದೆ.

ಗಾಣದಿಂದ ಬಿದ್ದ ರಚ್ಚಿನಲ್ಲಿ ಅರ್ಧ ತೂಕ ನೀರೇ. ಅರೆ ಒಣಗಿದ್ದನ್ನು ಹಾಕಿದಾಗ 700 ದಾಟಲೇ ಇಲ್ಲ. ಮುರಿದರೆ ಪಟಕ್ಕನೆ ಸದ್ದಾಗುವಷ್ಟು ಒಣಗಬೇಕು. ಹೊರೆಗಟ್ಟಲೆ ತುರುಕಿ ಬಾಯಿ ತೆರೆದಿಟ್ಟರೆ ನೂರೈವತ್ತು ಡಿಗ್ರಿ ಒಂದೇ ಏಟಿಗೆ ಇಳಿಯುತ್ತದೆ. ಹಿಡಿಹಿಡಿಯಾಗಿ ಹಾಕಿ, ತಗಡು ಮುಚ್ಚಿ.

ಹೆಚ್ಚು ದುಡ್ಡು ನುಂಗಿದ್ದು ರಚ್ಚು ಉರಿಯುವ ಸರಳುಗಳ ಜಾಲರಿ. ಎಂ.ಎಸ್. (ಮಾಮೂಲಿ ಮೆದು ಉಕ್ಕು) ಸರಳು ಜೋತುಬಿತ್ತು. ಎರಕದ ಕಬ್ಬಿಣದ್ದು ನಿಂತಿದೆ, ಆದರೆ ಬೂದಿಗುಂಡಿ ತುಂಬಿ ಕೆಂಡ ಸರಳಿಗೆ ತಾಗಿದರೆ ಅದೂ ಸುಟ್ಟುಹೋಗುತ್ತದೆ. ಕೆಳಗಿನಿಂದ ಏರುವ ಗಾಳಿಯೇ ಸರಳನ್ನು ತಣ್ಣಗಿಡುವುದು. ಗೋಡೆಯ ಮಾಮೂಲಿ ಇಟ್ಟಿಗೆ ಬೂದಿಯ ಕ್ಷಾರಕ್ಕೆ ಗಾಜಿನಂತೆ ಕರಗಿ ಸುರಿಯಿತು. ಒಳಸುತ್ತಿಗೆ ಮಾತ್ರ ಕಾವು ತಡೆಯುವ ಫೈರ್ ಬ್ರಿಕ್, ಒಂದಕ್ಕೆ ಐವತ್ತು ಅರವತ್ತು ರೂಪಾಯಿ. ಗಾರೆ ಫೈರ್ ಕ್ಲೇಯದು. ಸಿಮೆಂಟು ಹಾಕಿದ ಸಂದುಗಳೆಲ್ಲ ಪುಡಿಯಾದವು. ಒಟ್ಟು ನಲವತ್ತು ಸಾವಿರದ ಆಸುಪಾಸು.

ಬ್ಲೋವರ್ ಕೂಡ ಇಟ್ಟು ನೋಡಿದ್ದಾಯಿತು. ತಾಮ್ರವೇ ಕರಗಿತು! ಆದರೆ ಅರೆಬೆಂದ ರಚ್ಚು ಹೊಗೆಗೂಡಿನಿಂದ ಹಾರಿಹೋಯಿತು, ಪಾಕ 118ರ ಹದಕ್ಕೆ ಬರುವಾಗ ತಳ ಹತ್ತಿ ಬೆಲ್ಲ ಕಪ್ಪಾಯಿತು. ಹಿಂಗೋಡೆಯ ಮೇಲ್ಗಡೆ ಗಾಳಿತೂತುಗಳೇ ಬ್ಲೋವರ್ ಕೆಲಸ ಮಾಡುತ್ತವೆ. ಅವುಗಳ ಓರೆ ಎಷ್ಟು ಅಂತ ಇಲ್ಲಿ ಬರೆಯಲ್ಲ.

ಹೊಗೆಗೂಡಿನ ಬುಡಕ್ಕೂ ಒಂದು ಥರ್ಮೋಕಪಲ್ ಇಡಿ. ಅಲ್ಲಿ 400 ದಾಟಿದರೆ ಕಾವು ದಂಡವಾಗುತ್ತಿದೆ, ಡ್ಯಾಂಪರ್ (ಹೊಗೆದಾರಿಯ ಅಡ್ಡತಗಡು) ಅರ್ಧ ಮುಚ್ಚಿ. ಒಲೆಬಾಯಿಂದ ಹೊಗೆ ಹಿಂದಕ್ಕೆ ಬಂದರೆ ಮುಚ್ಚಿದ್ದು ಹೆಚ್ಚಾಯಿತು.